ಮೇಲಿನ ಖರ್ಚು

ಹಡಗಿನ ಟಿಕೆಟ್ಟು ಬೀಗರದು, ಮೇಲಿನ ಖರ್ಚು ನಮ್ಮದು. ಮಗಳ ಮಾವ ಫೋನಿನಲ್ಲಿ ಇಷ್ಟು ಹೇಳಿದ್ದೇ ತಡ, ನಮ್ಮ ಯಜಮಾನರ ನಿದ್ದೆ ಹಾರಿಹೋಯಿತು. ಐಷಾರಾಮಿ ಹಡಗು, ಒಂದು ವಾರ ಸಮುದ್ರದ ಮೇಲೆ, ಬೀಗರು ಬೀಗಿತ್ತಿ ಒಂದು ಕೋಣೆಯಲ್ಲಿ, ಪಕ್ಕದ ಕೋಣೆಯಲ್ಲಿ ನಾವು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವರು ಮಾತ್ರ ತಟ್ಟೆಯ ಮುಂದೆ ಕೂತಾಗಲೂ ಮೇಲಿನದು ಎಂದರೆ ಏನೇನು ಎಂದು ಅದನ್ನೇ ಮೆಲುಕು ಹಾಕುತ್ತಿದ್ದರು.

ಅದಕ್ಕೆ ಕಾರಣವಿದೆ. ಬಸ್ ನಿಲ್ದಾಣದ ಎದುರು ಮೂವತ್ತು ವರ್ಷ ಲಾಡ್ಜ್ ನಡೆಸಿದವರು ನಾವು. ಬಾಡಿಗೆಯಿಂದ ಹೊಟ್ಟೆ ತುಂಬುವುದಿಲ್ಲ, ಮೇಲಿನದರಿಂದ ತುಂಬುತ್ತದೆ ಎನ್ನುವುದು ಇವರ ಸಿದ್ಧಾಂತ. ಬಿಸಿನೀರಿಗೆ ಬೇರೆ, ಎರಡನೇ ದಿಂಬಿಗೆ ಬೇರೆ, ಟಿವಿ ಹಾಕಿದರೆ ಬೇರೆ. ಗಿರಾಕಿಗಳು ಬೆನ್ನ ಹಿಂದೆ ‘ಎಕ್ಸ್‌ಟ್ರಾ ಸಾಹುಕಾರ’ ಎನ್ನುತ್ತಿದ್ದರು. ಎದುರಿಗೆ ಅಂದಿದ್ದರೆ ಅದಕ್ಕೂ ಬಿಲ್ಲಿನಲ್ಲಿ ಒಂದು ಸಾಲು ಬೀಳುತ್ತಿತ್ತು. ಇವರು ಗಲ್ಲಾದಲ್ಲಿ, ನಾನು ಹಿತ್ತಲಿನಲ್ಲಿ. ಹಾಸಿಗೆಯ ಚಾದರ ಒಗೆಯುವುದು, ಒಣಗಿಸುವುದು, ಇಸ್ತ್ರಿ ಮಾಡಿ ಹಾಸುವುದು ನನ್ನ ಪಾಲು.

ಅಂಥವರು ಹಡಗಿನವರ ಕೈಗೆ ಸುಮ್ಮನೆ ಸಿಕ್ಕಿಬೀಳುತ್ತಾರೆಯೇ? ಹೊರಡುವ ಮುಂಚೆಯೇ ಎಲ್ಲ ವಿಚಾರಿಸಿಕೊಂಡರು. ತಂಪು ಪಾನೀಯಕ್ಕೆ ಬೇರೆ, ಇಂಟರ್ನೆಟ್ಟಿಗೆ ಬೇರೆ, ದಡಕ್ಕಿಳಿದು ಊರು ನೋಡುವ ಬಸ್ಸಿಗೆ ಬೇರೆ. ಹಡಗಿನ ಫೋಟೋಗ್ರಾಫರ್ ಕೇಳದೆಯೇ ನಮ್ಮ ಫೋಟೋ ತೆಗೆದು ನಾವು ಕೇಳಿದರೆ ದುಡ್ಡು ಕೇಳುತ್ತಾನಂತೆ. ನನ್ನ ಶಿಷ್ಯನಾಗಬೇಕಿತ್ತು ಎಂದರು ಇವರು, ಮೆಚ್ಚಿಕೊಂಡು. ಎಲ್ಲಕ್ಕೂ ಬೇಡ ಎಂದು ತೀರ್ಮಾನವಾಯಿತು. ಒಂದಕ್ಕೆ ಮಾತ್ರ ದುಡ್ಡು ತೆಗೆದಿಟ್ಟರು. ಎಲ್ಲರಿಗೂ ಟಿಕೆಟ್ಟಿನಲ್ಲೇ ಊಟ ಹಾಕುವ ದೊಡ್ಡ ಹಾಲ್ ಅಲ್ಲದೆ, ಮೇಲಿನ ಅಂತಸ್ತಿನಲ್ಲಿ ದುಡ್ಡು ಕೊಟ್ಟು ಕೂರುವ ಹೋಟೆಲ್ ಒಂದಿತ್ತು. ಕೊನೆಯ ಸಂಜೆ ಬೀಗರಿಬ್ಬರಿಗೂ ಅಲ್ಲಿ ನಾವು ಊಟ ಹಾಕಿಸಬೇಕು. ಟಿಕೆಟ್ಟಿನ ಋಣ ಅದರಿಂದ ತೀರುವುದಿಲ್ಲ, ಆದರೆ ಮಗಳ ಮನೆಗೆ ಹೋದಾಗ ತಲೆಯೆತ್ತಿ ಕೂರಬಹುದು. ಈ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ. ಬೀಗರ ಮುಂದೆ ಕೈಚಾಚುವುದಕ್ಕಿಂತ ಉಪವಾಸ ಮಲಗುವ ಜನ ನಾವು.

ಹಡಗಿನಲ್ಲಿ ನನಗೆ ಹಿಡಿಸಿದ್ದು ಸಮುದ್ರವಲ್ಲ. ಅದು ಎಲ್ಲಿ ನೋಡಿದರೂ ಅಷ್ಟೇ. ಹಿಡಿಸಿದ್ದು ನಮ್ಮ ಕೋಣೆ ನೋಡಿಕೊಳ್ಳುವ ಹೆಂಗಸು. ಚಾದರದ ಮೂಲೆ ಮಡಿಚುವುದರಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋದಾಗ ನಾನು ಹಿಂದೆ ಉಳಿದು ನೋಡುತ್ತಿದ್ದೆ. ಕಲೆ ತೆಗೆಯುವುದು ಹೇಗೆ, ಬಗ್ಗಿ ಬಗ್ಗಿ ಸೊಂಟ ಹಿಡಿದರೆ ಏನು ಮಾಡುವುದು, ಇಂಥದ್ದೇ ನಮ್ಮ ಮಾತು. ನಾನೂ ಇದೇ ಕೆಲಸದವಳು ಎಂದಾಗ ಅವಳು ನಂಬಲಿಲ್ಲ. ಮೂಲೆ ಮಡಿಚಿ ತೋರಿಸಿದ ಮೇಲೆ ನಕ್ಕಳು.

ಮಧ್ಯದಲ್ಲೊಂದು ದಿನ ಯಜಮಾನರು ಕೋಣೆಯ ಟಿವಿಯಲ್ಲಿ ನಮ್ಮ ಬಿಲ್ಲು ಕಾಣುತ್ತದೆಂದು ಕಂಡುಹಿಡಿದರು. ನಾವು ಏನನ್ನೂ ಕೊಂಡಿರಲಿಲ್ಲ, ಆದರೂ ಬಿಲ್ಲು ಬೆಳೆದಿತ್ತು. ತಲೆಗಿಷ್ಟು ಎಂದು ದಿನದಿನವೂ ಸೇವಾ ಶುಲ್ಕ. ಅಷ್ಟೆಲ್ಲ ವಿಚಾರಿಸಿದವರು ಇದೊಂದನ್ನು ಬಿಟ್ಟಿದ್ದರು. ವಾರ ಮುಗಿಯುವ ಹೊತ್ತಿಗೆ ಬೀಗರ ಊಟದ ದುಡ್ಡನ್ನು ಅದು ನುಂಗಿ ನೀರು ಕುಡಿಯುತ್ತಿತ್ತು. ಮುಖ ಸಪ್ಪೆ ಮಾಡಿಕೊಂಡು ಕೌಂಟರಿಗೆ ಹೋದವರು ಅರಳಿದ ಮುಖದಲ್ಲಿ ಬಂದರು. ಕೇಳಿದರೆ ತೆಗೆಯುತ್ತಾರೆ, ತೆಗೆಸಿದೆ ಎಂದರು. ಅಷ್ಟು ಸುಲಭವೇ ಎಂದದ್ದಕ್ಕೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನನಗೇ ಗಾದೆ ಹೇಳಿದರು.

ಕೊನೆಯ ಸಂಜೆ ಬೀಗಿತ್ತಿ ಸಿಂಗರಿಸಿಕೊಂಡು ನಮ್ಮ ಕೋಣೆಗೆ ಬಂದರು. ಬೀಗರು ಬಾಗಿಲ ಹತ್ತಿರ ನಿಂತು ಹಸಿವೆಯ ಬಗ್ಗೆ ತಮಾಷೆ ಮಾಡುತ್ತಿದ್ದರು. ಆಗ ಅವರ ಹಿಂದೆ ಮೇಲ್ವಿಚಾರಕನೊಬ್ಬ ಕಾಣಿಸಿಕೊಂಡ. ಅವನ ಪಕ್ಕದಲ್ಲಿ ಆ ಹೆಂಗಸು, ತೋಳಿನ ಮೇಲೆ ಮಡಿಚಿದ ಚಾದರಗಳು. ಅವನು ತುಂಬ ವಿನಯದಿಂದ ಕ್ಷಮೆ ಕೇಳಿದ. ಚಾದರ ಕೊಳೆಯಾಗಿರುತ್ತದೆ ಎಂದು ನೀವು ದೂರು ಕೊಟ್ಟಿದ್ದೀರಿ, ವಿಷಯ ನನಗೆ ಈಗಷ್ಟೇ ತಲುಪಿತು, ನಿಮ್ಮ ಕಣ್ಣ ಮುಂದೆಯೇ ಬದಲಾಯಿಸುತ್ತಾಳೆ, ಅವಳ ಮೇಲೆ ಕ್ರಮವನ್ನೂ ತೆಗೆದುಕೊಳ್ಳುತ್ತೇವೆ ಎಂದ.

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೌಂಟರಿನವರು ಸೇವೆಯಲ್ಲಿ ಏನಾದರೂ ಕೊರತೆಯಾಯಿತೇ ಎಂದು ವಾಡಿಕೆಗೆ ಕೇಳಿರಬೇಕು. ಇಲ್ಲ ಎಂದಿದ್ದರೂ ತೆಗೆಯುತ್ತಿದ್ದರೋ ಏನೋ. ಆದರೆ ಇವರು ಲಾಡ್ಜಿನವರು. ಹೊರಡುವಾಗ ಬಿಲ್ಲು ಇಳಿಸಿಕೊಳ್ಳಲು ಗಿರಾಕಿ ಹೇಳುವ ಮಾತು ಒಂದೇ, ಹಾಸಿಗೆ ಕೊಳಕು. ಜೀವನವಿಡೀ ಕೇಳಿಸಿಕೊಂಡ ಮಾತು ಬೇಕಾದಾಗ ನಾಲಿಗೆಗೆ ಬಂದಿತ್ತು.

ಬೀಗಿತ್ತಿ ಅರ್ಥವಾಗದೆ, ನಮ್ಮ ಕೋಣೆಗೂ ಇವಳೇ ಬರುವುದು, ಹಾಲಿನಂಥ ಚಾದರ ಹಾಸುತ್ತಾಳಲ್ಲ ಎಂದರು. ಯಜಮಾನರು ಕಿಟಕಿಯ ಪರದೆ ಕಡೆ ನೋಡುತ್ತಿದ್ದರು. ಆ ಹೆಂಗಸು ನನ್ನನ್ನು ನೋಡಲಿಲ್ಲ. ದೂರು ಕೊಟ್ಟವಳು ನಾನೇ ಎಂದುಕೊಂಡಿರಬೇಕು. ಬೆಳಿಗ್ಗೆ ಬೆಳಿಗ್ಗೆ ನಾನು ಹಿಂದೆ ಉಳಿದದ್ದು ತಪ್ಪು ಹುಡುಕುವುದಕ್ಕೆ ಎಂದೂ ಅಂದುಕೊಂಡಿರಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಮೇಲೆ ಹೋಗಿ ಬೀಗರಿಗೆ ಊಟ ಹಾಕಿಸಬಹುದಿತ್ತು, ನಮ್ಮ ಮರ್ಯಾದೆ ಉಳಿಯುತ್ತಿತ್ತು.

“ಚಾದರ ಚೊಕ್ಕಟವಾಗಿತ್ತಪ್ಪ,” ಎಂದೆ. “ನಮ್ಮವರು ಸುಳ್ಳು ಹೇಳಿದ್ದು. ದಿನದ ಆ ದುಡ್ಡನ್ನ ನಾವು ಲೆಕ್ಕಕ್ಕೆ ಹಿಡಿದಿರ್ಲಿಲ್ಲ. ಅದು ಉಳಿದ್ರೆ ಬೀಗರಿಗೆ ಊಟ ಹಾಕಿಸ್ಬೋದು ಅಂತ ಹೀಗ್ ಮಾಡಿದ್ರು. ಅದನ್ನ ವಾಪಸ್ ಬಿಲ್ಲಿಗೆ ಸೇರ್ಸಿ. ಇವಳದ್ದೇನೂ ತಪ್ಪಿಲ್ಲ.”

ಬೀಗರು ಒಳ್ಳೆಯ ಮನುಷ್ಯ. ಒಳ್ಳೆಯವರೇ ಇಂಥ ಹೊತ್ತಿನಲ್ಲಿ ಕೊಂದುಬಿಡುತ್ತಾರೆ.

“ಒಂದ್ ಮಾತು ಹೇಳಿದ್ರೆ ನಾವೇ ಕೊಡ್ತಿರ್ಲಿಲ್ವಾ?” ಎಂದರು.

ನಾಚಿಕೆಯಿಂದ ಕಾಲ ಕೆಳಗಿನ ನೆಲ ಬಾಯ್ಬಿಡಲಿ ಎಂದರೆ ಅಲ್ಲಿ ನೆಲವೂ ಇರಲಿಲ್ಲ. ಬೀಗಿತ್ತಿ ಅವರ ತೋಳು ಚಿವುಟಿ, ನನಗೆ ಕೆಳಗಿನ ದೊಡ್ಡ ಹಾಲ್‌ನ ಊಟವೇ ಇಷ್ಟ, ಜಾಗ ಹಿಡಿದು ಕಾಯುತ್ತಿರುತ್ತೇವೆ ಎಂದು ಎಳೆದುಕೊಂಡು ಹೋದರು. ಮೇಲ್ವಿಚಾರಕ ದೂರನ್ನು ತೆಗೆದುಹಾಕುತ್ತೇನೆ ಎಂದು ಹೇಳಿ ಅವರ ಹಿಂದೆಯೇ ಹೊರಟ. ಆ ಹೆಂಗಸು ಮಾತ್ರ ಉಳಿದಳು. ಬದಲಾಯಿಸು ಎಂದಿದ್ದನಲ್ಲ, ಸ್ವಚ್ಛವಾಗಿದ್ದ ಚಾದರವನ್ನು ಕಿತ್ತು ಇನ್ನೊಂದನ್ನು ಹಾಸಿದಳು. ನಾನು ಮೂಲೆಗೆ ಕೈ ಹಾಕಿದೆ.

“ಬಿಡಿ ಅಮ್ಮ, ನನ್ನ ಕೆಲಸ,” ಎಂದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಕೆಲಸ ಮುಗಿಸಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಯಜಮಾನರು ಹಾಸಿಗೆಯ ಮೇಲೆ ಕೂರಲು ಧೈರ್ಯ ಸಾಲದೆ ಕುರ್ಚಿಯ ಅಂಚಿನಲ್ಲಿ ಕೂತರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ತಿರುಗಿ ಬೈಯಲು ಸಿದ್ಧಳಾಗಿಯೂ ಇದ್ದೆ.

“ಲಾಡ್ಜಲ್ಲಿ ಗಿರಾಕಿಗಳು ಹೀಗಂದಾಗ ನಿಂಗೂ ಹೀಗೇ ಆಗ್ತಿತ್ತಾ?” ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನನ್ನನ್ನು ಹಿತ್ತಲಿನಿಂದ ಕರೆಸಿ, ಗಿರಾಕಿಯ ಎದುರಿಗೇ ಗದರಿಸಿ, ಅವನಿಗೆ ಸಮಾಧಾನವಾಗುವಷ್ಟು ಬಿಲ್ಲು ಇಳಿಸಿ ಕಳುಹಿಸುತ್ತಿದ್ದರು. ಅವನು ಸುಳ್ಳು ಹೇಳುತ್ತಿದ್ದಾನೆಂದು ಅವರಿಗೂ ಗೊತ್ತಿರುತ್ತಿತ್ತು.

“ಇವಳ ಪರ ಮಾತಾಡೋಕೆ ನಾನಿದ್ದೆ,” ಎಂದೆ. “ನಂಗೆ ಯಾರಿದ್ರು?”

ಕೆಳಗೆ ಬೀಗರು ಕಾಯುತ್ತಿದ್ದರು. ಎದ್ದು ಮುಖ ತೊಳೆದುಕೊಳ್ಳಿ ಎಂದು ನಾನೇ ಹೇಳಬೇಕಾಯಿತು.