ಮೂಗಿಲ್ಲದ ದೋಣಿ

ಹಡಗಿನ ಎಣ್ಣೆ ಸೋರಿ ಎರಡು ದಿನವಾಗಿತ್ತು. ಸಮುದ್ರದ ನೀರು ಒಳನುಗ್ಗುವ ವಡಾಲದ ಖಾಡಿಯ ಕೆಸರಿಗೆಲ್ಲ ಕಪ್ಪು ಮೆತ್ತಿಕೊಂಡಿತ್ತು. ಮುಕಾದಮ ಅಣವೀರಪ್ಪ ತನ್ನ ಎಂಟು ಆಳುಗಳನ್ನು ದಂಡೆಯ ಮೇಲೆ ನಿಲ್ಲಿಸಿದ್ದ. ಮೂವತ್ತು ವರ್ಷದ ರೂಢಿ ಅದು: ಮೊದಲು ತಾನಿಳಿದು ಗಾಳಿ ಮೂಸಿ ಕೈ ಎತ್ತಬೇಕು, ಆಮೇಲೇ ಉಳಿದವರು ಕೊಳೆ ಬಾಚಲು ಬಕೆಟ್ ಹಿಡಿದು ಇಳಿಯಬೇಕು.

ಇವತ್ತು ಅವನಿಗಿಂತ ಮೊದಲು ಒಂದು ಹಳದಿ ದೋಣಿ ಇಳಿದಿತ್ತು. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಪವಾಯಿಯ ಕಾಲೇಜಿನ ಹುಡುಗಿ ಸ್ನೇಹಲ್ ದಂಡೆಯಲ್ಲೇ ನಿಂತು, ಕೈಯಲ್ಲಿನ ಡಬ್ಬಿಯಿಂದ ಅದನ್ನು ಓಡಿಸುತ್ತಿದ್ದಳು. ಎಣ್ಣೆ ಹೀರುತ್ತ, ಖಾಡಿಗೆ ಬೀಳುವ ನಾಲೆಯ ಬಾಯಿಗೆ ಹೋದ ದೋಣಿ ಕೆಂಪು ದೀಪ ಹಚ್ಚಿತು.

"ಅಜ್ಜಾ, ಅಲ್ಲಿ ಗ್ಯಾಸ್ ಬಹುತ್ ಇದೆ. ಯಾರೂ ಇಳೀಬೇಡಿ, ಪ್ಲೀಸ್."

"ನಿನ್ನ ದೋಣಿಗೆ ಮೂಗ ಎಲ್ಲೈತವಾ? ನನಗೇನೂ ವಾಸನಿ ಬರವಲ್ದು."

ಎಣ್ಣೆ ದಟ್ಟವಾಗಿದ್ದ ಕಡೆಯೇ ದೀಪ ಕೆಂಪಾದದ್ದು ಅವನಿಗೆ ಸರಿ ಕಾಣಲಿಲ್ಲ. ಇವತ್ತು ಇಳಿಯಬೇಡಿ ಅನ್ನುವವರು ನಾಳೆ ಕೆಲಸಕ್ಕೇ ಬರಬೇಡಿ ಅಂದಾರು. ಯಾರೂ ಕೂರದ ದೋಣಿಯನ್ನು ಹಿಡಿದು ಕೇಳುವುದಾದರೂ ಹೇಗೆ?

ಧೋತರ ಮೇಲಕ್ಕೆ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟ. ಉಸಿರೆಳೆದ. ಏನೂ ಇಲ್ಲ. ಕೈ ಎತ್ತಲೆಂದು ತಿರುಗಿದರೆ, ದಂಡೆಯಲ್ಲಿ ಆಳುಗಳ ನಡುವೆ ಲಕ್ಷ್ಮವ್ವ ಸೆರಗನ್ನು ಬಾಯಿಗೊತ್ತಿದ್ದಳು. ಶೆಟ್ಟೆಪ್ಪ ಗೋಡೆ ಹಿಡಿದು ಕಾರುತ್ತಿದ್ದ.

"ಏನಾತು ನಿಮಗ?"

"ಏನಾತಂತೀಯಲ್ಲೋ ಯಣ್ಣಾ! ಕೊಳತ ತತ್ತಿ ನಾರಿದಂಗ ನಾರತೈತಿ, ತಲಿ ತಿರಗಾಕತ್ತೈತಿ. ಮ್ಯಾಲೆ ಬಾ ಮೊದಲ!" ಲಕ್ಷ್ಮವ್ವ ಕೂಗಿದಳು.

ಅಣವೀರಪ್ಪ ಎಣ್ಣೆಯಲ್ಲಿ ಬೆರಳದ್ದಿ ಮೂಗಿನ ಹತ್ತಿರ ಹಿಡಿದ. ನೀರು ಮೂಸಿದಂತಾಯಿತು. ಎತ್ತಬೇಕಿದ್ದ ಕೈ ಕೆಳಗಿಳಿಯಿತು.

ಮೇಲೆ ಬಂದವನೇ ಎಲ್ಲರನ್ನೂ ರಸ್ತೆಯವರೆಗೆ ಹಿಂದಕ್ಕೆ ಅಟ್ಟಿದ. ಹೋದ ವರ್ಷ ಅವನು ಕೈ ಎತ್ತಿದ ಮೇಲೆಯೇ ಶೇಖರ ನೀರಿನಲ್ಲಿ ಕುಸಿದು ಬಿದ್ದಿದ್ದ. ಕುಡಿದು ಬಂದಿದ್ದಾನೆಂದು ಬೈದು, ಅವನನ್ನು ಗ್ಯಾಂಗಿನಿಂದ ಬಿಡಿಸಿದವನೂ ತಾನೇ.

"ಶೇಖರ ಅವತ್ತು ಕುಡದಿದ್ದಿಲ್ಲ," ಅಂದ, ಎಲ್ಲರಿಗೂ ಕೇಳುವಂತೆ. "ನನ್ನ ಮೂಗು ಸತ್ತಿತ್ತು."

ಅವನು ಸ್ನೇಹಲ್ ಕಡೆ ತಿರುಗಿದ. ಕಣ್ಣಿನ ಸಂಶಯ ಇನ್ನೂ ಹೋಗಿರಲಿಲ್ಲ.

"ಇದರ ಮೂಗೂ ಒಂದಿನ ಸಾಯತೈತಿ. ಸತ್ತರ ಅದು ಹೇಳತೈತೇನು?"

"ನಾವು ರೋಜ್ ಬೆಳಗ್ಗೆ ಟೆಸ್ಟ್ ಮಾಡ್ತೀವಿ, ಅಜ್ಜಾ."

"ನಾಳಿಂದ ನಮ್ಮ ಕಣ್ಣಮುಂದ ಮಾಡ್ರಿ. ಲಕ್ಷ್ಮವ್ವ ಬಾಜೂಕ ನಿಲ್ಲತಾಳ. ಆಕಿ ಹೂಂ ಅನ್ನೂತನಕ ನಿಮ್ಮ ದೋಣಿನೂ ಇಳಿಯಂಗಿಲ್ಲ, ನಮ್ಮ ಮಂದಿನೂ ಇಳಿಯಂಗಿಲ್ಲ."