ಚಮಚದ ಸದ್ದು

ಮೂಲೆ ಮೇಜಿನ ಗಿರಾಕಿ ಗಾಜಿನ ಲೋಟಕ್ಕೆ ಚಮಚದಿಂದ ಟಣ್ ಟಣ್ ಎಂದು ಬಾರಿಸಿ ಕತ್ತೆತ್ತಿ ನೋಡಿದ. ಲೋಟದ ತಳದಲ್ಲಿ ಕಪ್ಪಗೆ ಡಿಕಾಕ್ಷನ್ ಇತ್ತು, ಹಾಲು ಬರಬೇಕಿತ್ತು. ಹಾಲಿನ ಕೆಟಲ್ಲು ಹಿಡಿದ ಡೊನ್ ಚೆಂಚೊ ಎರಡು ಮೇಜಿನಾಚೆ ನಿಂತು, ಕಮಾನಿನ ಹೊರಗೆ ಬ್ರೆಡ್ಡಿನ ಚೂರಿಗೆ ಜಗಳವಾಡುತ್ತಿದ್ದ ಪಾರಿವಾಳಗಳನ್ನು ನೋಡುತ್ತಿದ್ದ.

"ಬರ್ತಾನೆ ಅಂತೀರಾ ನಿಮ್ಮ ಗೆಳೆಯ?" ಎಂದಳು ಗಿರಾಕಿಯ ಹೆಂಡತಿ.

"ಬರ್ತಾನೆ ಕಣೆ. ಅವನ ಕಿವಿ ಅಂದ್ರೆ ಏನಂತ ತಿಳ್ಕೊಂಡಿದೀಯ? ಮದ್ವೆಗೆ ಮುಂಚೆ ಬಂದಾಗ ನಾನೇ ನೋಡಿದೀನಿ. ಬಂದರಲ್ಲಿ ನಿಂತ ಹಡಗಿನೊಳಗೆ ಕ್ಯಾಪ್ಟನ್ ಕಾಫಿ ಕಲಕಿದ್ರೂ ಸಾಕು, ಇವನು ಇಲ್ಲಿಂದ ಕೆಟಲ್ಲು ಎತ್ಕೊಂಡು ಓಡ್ತಿದ್ದ."

"ಹಾಗಾದ್ರೆ ನಾವೂ ಹಡಗು ಹತ್ಬೇಕೇನೋ ಅಳಿಯಂದ್ರೆ," ಎಂದಳು ಅತ್ತೆ. "ಈ ಮೇಜಿಂದ ಕೇಳ್ಸಲ್ಲ ಅಂತ ಕಾಣತ್ತೆ."

ಪುಯೆಬ್ಲಾ ಊರಿನಿಂದ ಬಂದಿದ್ದ ಈ ಗಿರಾಕಿ ರುತಿಲೊ ಮತ್ತೆ ಬಾರಿಸಿದ. ಚೆಂಚೊ ಈಗಲೂ ಅಲುಗಲಿಲ್ಲ.

ವೆರಾಕ್ರುಸ್ ಬಂದರಿಗೆ ಬಂದವರು ಬೆಳಿಗ್ಗೆ ತಿಂಡಿ ಎಲ್ಲಿ ತಿನ್ನಬೇಕೆಂದು ಯಾರನ್ನು ಕೇಳಿದರೂ ಒಂದೇ ಉತ್ತರ. ಟ್ಯಾಕ್ಸಿಯವನು ಅದನ್ನೇ ಹೇಳುತ್ತಾನೆ, ಪಾದ್ರಿ ಅದನ್ನೇ ಹೇಳುತ್ತಾನೆ, ನಿಮ್ಮ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದ ಕಳ್ಳನೂ ಪೊಲೀಸಿನವನ ಜೊತೆ ಹೋಗುತ್ತಾ ತಿರುಗಿ ಅದನ್ನೇ ಹೇಳುತ್ತಾನೆ: ಕಮಾನಿನ ಕೆಳಗಿನ ಕಾಫಿ ಹೋಟೆಲ್ಲಿಗೆ ಹೋಗಿ, ಮೆಕ್ಕೆಜೋಳದ ದಪ್ಪ ರೊಟ್ಟಿ ಪಿಕಾದಾ ತಿನ್ನಿ, ಮೇಲೆ ಚೀಸು ಜಾಸ್ತಿ ಹಾಕಿಸಿಕೊಳ್ಳಿ, ಆಮೇಲೆ ಹಾಲಿನ ಕಾಫಿ. ಹಾಲು ಬೇಕಾದರೆ ಬಾಯಿಬಿಟ್ಟು ಕೂಗಬೇಡಿ. ಕೂಗಿದರೆ ಗುಡ್ಡದ ಮೇಲಿನವರೆಂದು ಇಡೀ ಹೋಟೆಲ್ಲು ನಗುತ್ತದೆ. ಲೋಟಕ್ಕೆ ಚಮಚ ತಾಗಿಸಿ, ಡೊನ್ ಚೆಂಚೊ ಬರುತ್ತಾನೆ.

ಬರುತ್ತಿದ್ದದ್ದು ಸುಳ್ಳಲ್ಲ. ಸುಂಕದ ಕಚೇರಿಯ ಗುಮಾಸ್ತ ಸೋಮಾರಿಯಾಗಿ ಒಂದೇ ಏಟು ಹಾಕುತ್ತಿದ್ದ, ಔಷಧಿ ಅಂಗಡಿಯ ವಿಧವೆ ಯಾರಿಗೂ ಕೇಳಬಾರದು ಎಂಬಂತೆ ಎರಡು ಸಲ ತಟ್ಟುತ್ತಿದ್ದಳು. ಚೆಂಚೊ ಬೆನ್ನು ತಿರುಗಿಸಿ ನಿಂತೇ ಹೆಸರು ಹಿಡಿದು ಕರೆಯುತ್ತಿದ್ದ. ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು, ಹಾಲು ಬಿಳಿ ಹಗ್ಗದಂತೆ ಇಳಿದು ಲೋಟದೊಳಗೆ ನೊರೆ ಎಬ್ಬಿಸುತ್ತಿತ್ತು, ಮೇಜಿನ ಮೇಲೆ ಒಂದು ಹನಿ ಇಲ್ಲ. ಹಡಗು, ಕ್ಯಾಪ್ಟನ್ ಎಲ್ಲ ಅದರ ಮೇಲೆ ಅವನೇ ಕಟ್ಟಿದ ಕಥೆ. ಏಡಿ ಮರಳಿನ ಮೇಲೆ ನಡೆದರೆ ಯಾವ ಕಾಲು ಕುಂಟು ಎಂದು ಹೇಳಬಲ್ಲೆ ಎನ್ನುತ್ತಿದ್ದ. ಹೇಳಿ ಹೇಳಿ ಊರು ನಂಬಿತ್ತು. ಊರು ನಂಬಿದ್ದನ್ನು ನೋಡಿ ಅವನೂ ನಂಬಿದ್ದ.

ಆಮೇಲೆ ಒಂದು ಚಳಿಗಾಲ ಉತ್ತರದ ಗಾಳಿ ಬೀಸಿದಾಗ ಜ್ವರ ಬಂತು. ಮೊದಲು ಎಡಗಿವಿ ಹೋಯಿತು. ಬಲಗಿವಿ ಗಂಡನ ಹಿಂದೆ ಹೊರಟ ಹೆಂಡತಿಯ ಹಾಗೆ ಮೆಲ್ಲಗೆ ಅದರ ಹಿಂದೆ ಹೋಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತಿತ್ತು. ಉಳಿದದ್ದಕ್ಕೆಲ್ಲ ಚೆಂಚೊ ತಲೆಯಾಡಿಸಿ ನಗುತ್ತಿದ್ದ. ಯಾರಿಗೂ ಹೇಳಲಿಲ್ಲ. ಕೇಳದವನ ಕೈಯಲ್ಲಿ ಯಾರು ಹಾಲಿನ ಕೆಟಲ್ಲು ಬಿಡುತ್ತಾರೆ? ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು ಕೂರಿಸುತ್ತಾರೆ. ಅಲ್ಲಿ ಕೂತವನನ್ನು ಡೊನ್ ಎಂದು ಗೌರವದಿಂದ ಯಾರೂ ಕರೆಯುವುದಿಲ್ಲ.

ಗೊತ್ತಿದ್ದದ್ದು ಜೊತೆಯ ಸಪ್ಲಾಯರ್ ತಾವೊ ಒಬ್ಬನಿಗೆ. ಎಲ್ಲಿ ಚಮಚ ಸದ್ದಾಯಿತೋ ಆ ಕಡೆ ತಾವೊ ಗದ್ದ ಚಾಚಿ ತೋರಿಸುತ್ತಿದ್ದ, ಚೆಂಚೊ ನಡೆಯುತ್ತಿದ್ದ. ದಿನದ ಗಿರಾಕಿಗಳು ಏನು ಊಹಿಸಿದರೋ, ಚಮಚವನ್ನು ಸ್ವಲ್ಪ ಎತ್ತಿ ಹಿಡಿದು ಬಾರಿಸುವುದನ್ನು ಕಲಿತಿದ್ದರು. ಈಸ್ಟರ್ ವಾರದಲ್ಲಿ ಮಾತ್ರ ಕಷ್ಟ, ಈಗ ಅದೇ ನಡೆದಿತ್ತು. ಹೊರಗಿನವರು ಬಸ್ಸುಗಟ್ಟಲೆ ಬಂದು ಎಲ್ಲ ಮೂಲೆಯಿಂದ ಒಟ್ಟಿಗೆ ಬಾರಿಸುತ್ತಾರೆ. ತಾವೊನ ಗದ್ದ ಕೀಲು ತಪ್ಪುವಷ್ಟು ಓಡಾಡಬೇಕು.

ಹಿಂದಿನ ಸಂಜೆ ಡೊಮಿನೊ ಆಡುತ್ತಿದ್ದಾಗ ತಾವೊ ಆ ಮಾತು ಎತ್ತಿದ್ದ. ಚೆಂಚೊನಿಗೆ ತಿಳಿಯಲೆಂದು ಬಾಯಿ ಅಗಲಿಸಿ ಹೇಳಿದ್ದ.

"ಮ್ಯಾನೇಜರ್‌ಗೆ ನೀನೇ ಹೇಳ್ಬಿಡು ಮಾರಾಯ. ಎಷ್ಟು ದಿನ ಅಂತ ನಿನಗೆ ನನ್ನ ಕಿವಿ ಕೊಟ್ಕೊಂಡು ತಿರುಗ್ಲಿ ನಾನು?"

ಮೇಜಿನ ಸುತ್ತ ಇನ್ನೂ ಇಬ್ಬರಿದ್ದರು. ಚೆಂಚೊನ ಮುಖ ಕೆಂಪಾಯಿತು.

"ನಿನ್ನ ಕಿವೀನ? ಕತ್ತೆ ಕಿವಿ ತಗೊಂಡು ನಾನೇನ್ಮಾಡ್ಲೋ? ನಿನ್ನ ಹೆಂಡ್ತಿ ನಿನ್ನ ಬೈಯೋದು ನನ್ನ ಮನೇಲಿ ಮಲಗಿದ್ರೂ ಕೇಳ್ಸತ್ತೆ ನಂಗೆ!"

ಆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವೊ ಆಟ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಹಾಗಾಗಿ ಈ ಬೆಳಿಗ್ಗೆ ಗದ್ದ ಅಲುಗಲಿಲ್ಲ. ಚೆಂಚೊ ಕಣ್ಣಿನಲ್ಲೇ ಹೋಟೆಲ್ಲನ್ನೆಲ್ಲ ಗುಡಿಸುತ್ತಾ, ಎತ್ತಿದ ಚಮಚ ಕಂಡಲ್ಲಿ ಓಡಿ ಹುಯ್ಯುತ್ತಾ, ಹೇಗೋ ನಡೆಸುತ್ತಿದ್ದ. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಮೂಲೆ ಮೇಜು ಮಾತ್ರ ಕಂಬದ ಮರೆಯಲ್ಲಿತ್ತು.

ರುತಿಲೊ ಮೂರನೇ ಸಲ ಬಾರಿಸಿದಾಗ ತಾವೊಗೆ ತಡೆಯಲಾಗಲಿಲ್ಲ. ಮೂಲೆಯ ಕಡೆ ಗದ್ದ ಚಾಚಿದ. ಮತ್ತೆ ಚಾಚಿದ. ಚೆಂಚೊ ನೋಡಿದ. ನೋಡಿಯೂ, ಅಣಕಿಸುತ್ತಿದ್ದಾನೆ ನನ್ಮಗ, 'ಈಗ ನಾನೇ ಬೇಕಾಯ್ತಲ್ಲ ನಿನಗೆ' ಅನ್ನುತ್ತಿದ್ದಾನೆ, ಎಂದುಕೊಂಡು ಬೆನ್ನು ತಿರುಗಿಸಿ ಗುಮಾಸ್ತನ ಮೇಜಿಗೆ ಹೋದ.

"ಮದ್ವೆಗೆ ಮುಂಚೆ ನೀವು ಹೇಳಿದ್ದೆಲ್ಲಾ ಹೀಗೇ ಇತ್ತಾ?" ಎಂದು ರುತಿಲೊನ ಹೆಂಡತಿ ಕೇಳಿದಳು. ಅತ್ತೆ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡಳು. ರುತಿಲೊ ಸಕ್ಕರೆ ಡಬ್ಬಿಯ ದೊಡ್ಡ ಚಮಚ ಎತ್ತಿ, ಹೆಂಡತಿಯ ಕಡೆಯವರಿಗೆಲ್ಲ ಒಟ್ಟಿಗೆ ಕೊಡುವಂತೆ ಲೋಟಕ್ಕೆ ಒಂದು ಏಟು ಕೊಟ್ಟ.

ಲೋಟ ಪಟಾರನೆ ಸಿಡಿಯಿತು. ಡಿಕಾಕ್ಷನ್ ಅತ್ತೆಯ ಬಿಳಿ ಲಂಗದ ಮೇಲೆಲ್ಲ ಹಾರಿತು. ಅವಳು ಕಿರುಚಿದ ಸದ್ದಿಗೆ ಬಂದರಿನ ಹಡಗೊಂದು ತಿರುಗಿ ಹೋಯಿತೆಂದು ಆಮೇಲೆ ಜನ ಹೇಳಿದರು. ಕಮಾನಿನ ಕೆಳಗೆ ಮರಿಂಬಾ ವಾದ್ಯ ಬಾರಿಸುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು. ಹೋಟೆಲ್ಲಿನ ಎಲ್ಲ ತಲೆಗಳೂ ಮೂಲೆಗೆ ತಿರುಗಿದವು, ಒಂದನ್ನು ಬಿಟ್ಟು.

ಚೆಂಚೊ ಪಾರಿವಾಳಗಳು ಒಟ್ಟಿಗೆ ಎದ್ದದ್ದನ್ನು ಕಂಡ. ನಾಯಿ ಬಂದಿರಬೇಕು ಎಂದುಕೊಂಡ. ಕೈ ತಲೆಯ ಮೇಲೆ ಎತ್ತಿ, ಹಾಲಿನ ಹಗ್ಗ ಇಳಿಸಿ, ಒಂದು ಹನಿ ಚೆಲ್ಲದೆ ಕಡಿದು, ಎಂದಿನ ಹಾಗೆ ಕೇಳಿದ: "ಹೆಂಗೆ ಸಾಹೇಬ್ರೆ?"

ಗುಮಾಸ್ತ ಬೆನ್ನು ತೋರಿಸಿ ನಿಂತಿದ್ದ. ಎಲ್ಲರೂ ಹಾಗೇ ನಿಂತಿದ್ದರು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಮ್ಯಾನೇಜರ್ ಬೆರ್ನಾಲ್ ಮಾತ್ರ ಮೂಲೆಯನ್ನು ಬಿಟ್ಟು ಚೆಂಚೊನನ್ನು ನೋಡುತ್ತಿದ್ದ.

ಮಧ್ಯಾಹ್ನ ಬೆರ್ನಾಲ್ ಅವನನ್ನು ಕೋಣೆಗೆ ಕರೆದು ಕುರ್ಚಿ ಕೊಟ್ಟ. ಒಳ್ಳೆಯ ಮನುಷ್ಯ, ದನಿ ಎತ್ತುವವನಲ್ಲ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದರಿಂದ ಮುಖವೆಲ್ಲ ಕತ್ತಲೆ, ತುಟಿ ಕಾಣುತ್ತಿರಲಿಲ್ಲ. ಬಹಳ ಹೊತ್ತು ಮಾತಾಡಿದ. ಕೈಯಿಂದ ಬಾಗಿಲ ಕಡೆ ತೋರಿಸಿದ, ಹಾಲು ಹುಯ್ಯುವ ಹಾಗೆ ತೋರಿಸಿದ. ಮಾತು ನಿಂತಿತು ಅನ್ನಿಸಿದಾಗಲೆಲ್ಲ ಚೆಂಚೊ ತಲೆಯಾಡಿಸಿದ.

"ಆಯ್ತು ಸಾಹೇಬ್ರೆ. ಆಗ್ಲಿ ಸಾಹೇಬ್ರೆ."

ಬೆರ್ನಾಲ್ ಎದ್ದು ಅವನ ಕೈ ಕುಲುಕಿದ. ಕಣ್ಣಲ್ಲಿ ನೀರಿತ್ತು.

ಹೊರಗೆ ತಾವೊ ಕಾಯುತ್ತಿದ್ದ. "ಏನಂದ್ರು?"

"ಏನಂತಾರೆ? ನನ್ನ ಬಿಟ್ರೆ ಯಾರಿದಾರೆ ಅವರಿಗೆ? ಕೆಟಲ್ಲು ನಂದೇ ಅಂದ್ರು."

"ನಿಜವಾಗ್ಲೂ ಏನಂದ್ರು ಹೇಳೋ."

"ನಿನಗೇನ್ ಕೇಳ್ಸಲ್ವಾ?" ಎಂದು ಚೆಂಚೊ ಹೊರಟ.

ಕೆಟಲ್ಲು ಅವನದೇ ಎನ್ನುವುದು ಸುಳ್ಳಾಗಲಿಲ್ಲ. ಮರುದಿನ ಬೆಳಿಗ್ಗೆ ಅವನಿಗೆ ಬಿಳಿ ಅಂಗಿ, ಹುಲ್ಲಿನ ಟೋಪಿ, ಕುತ್ತಿಗೆಗೆ ಕೆಂಪು ಕರವಸ್ತ್ರ ಕೊಟ್ಟು ಹೋಟೆಲ್ಲಿನ ಬಾಗಿಲ ಹೊರಗೆ ನಿಲ್ಲಿಸಿದರು. ಎದುರಿಗೆ ಎತ್ತರದ ಸ್ಟೂಲು, ಅದರ ಮೇಲೆ ಒಂದು ಲೋಟ, ದಾರ ಕಟ್ಟಿದ ಚಮಚ. ಬಂದವರು ಚಮಚ ಬಾರಿಸಬೇಕು, ಅವನು ಕೈ ಎತ್ತಿ ಹುಯ್ಯಬೇಕು, ಅವರು ಫೋಟೊ ತೆಗೆಸಿಕೊಳ್ಳಬೇಕು. ಅವರು ಒಳಗೆ ಹೋದ ಮೇಲೆ ಲೋಟದ ಹಾಲನ್ನು ಅವನು ಕೆಟಲ್ಲಿಗೆ ವಾಪಸ್ಸು ಸುರಿಯಬೇಕು. ತಲೆಯಾಡಿಸಿ ಒಪ್ಪಿದ್ದು ಏನನ್ನು ಎಂದು ಅವನಿಗೆ ಆಗ ತಿಳಿಯಿತು. ತಿಳಿದಾಗ ಟೋಪಿ ತಲೆಯ ಮೇಲಿತ್ತು.

ಬಿಸಿಲೇರುವಷ್ಟರಲ್ಲಿ ಹಾಲು ಒಡೆಯಿತು. ಅಡುಗೆಯವಳು ಮೈದಾಹಿಟ್ಟು ಕದಡಿದ ನೀರು ತಂದು ಕೆಟಲ್ಲು ತುಂಬಿಸಿ, "ಕಾಣೋಕೆ ಹಾಲೇ," ಎಂದು ಹೋದಳು. ಚೆಂಚೊ ಕ್ಯಾಪ್ಟನ್ನಿನ ಕಥೆ ಶುರು ಮಾಡುತ್ತಿದ್ದ. ಜನ ಹಲ್ಲು ಕಿರಿದು, ಫೋಟೊ ಆದ ಕೂಡಲೇ ಕಥೆಯ ನಡುವೆಯೇ ತಿಂಡಿಗೆ ಒಳಗೆ ನುಗ್ಗುತ್ತಿದ್ದರು. ಒಳಗೆ ಈಗ ಹಾಲು ಹುಯ್ಯುತ್ತಿದ್ದವನು ತಾವೊ.

ಸ್ವಲ್ಪ ಹೊತ್ತಿಗೆ ತಾವೊ ಹೊರಗೆ ಬಂದು ಅವನ ಮುಖದ ಎದುರಿಗೇ ನಿಂತ. ಅಂಗಿಯ ತೋಳೆಲ್ಲ ಹಾಲು.

"ಒಳಗೆ ಬಾ. ನಾನೇ ಬೆರ್ನಾಲ್ ಹತ್ರ ಮಾತಾಡ್ತೀನಿ. ಇದಕ್ಕಿಂತ ಪಾತ್ರೆ ತೊಳೆಯೋದು ವಾಸಿ ಕಣೋ."

"ಹೋಗ್ ಹೋಗು, ಮೇಜು ಒರೆಸು," ಎಂದ ಚೆಂಚೊ. "ನೀನು ಚೆಲ್ಲಿರೋ ಹಾಲಲ್ಲಿ ಒಂದು ಕರು ಸಾಕ್ಬೋದು."

ತಾವೊ ಇನ್ನೇನೋ ಹೇಳಹೊರಟ. ಚೆಂಚೊ ಟೋಪಿಯ ಅಂಚು ಕಣ್ಣಿನವರೆಗೆ ಎಳೆದುಕೊಂಡು ಅವನ ತುಟಿ ಕಾಣದಂತೆ ಮಾಡಿಕೊಂಡ.

ಆಮೇಲೆ ಒಬ್ಬಳು ಮುದುಕಿ ಬಂದಳು. ಗುಡ್ಡದ ಮೇಲಿನವಳು, ಶಾಲು ಹೊದ್ದಿದ್ದಳು, ಕಂಕುಳಲ್ಲಿ ಬಟ್ಟೆಯ ಗಂಟು. ಟ್ಯಾಕ್ಸಿಯವನು ಹೇಳಿಕೊಟ್ಟಿದ್ದನೋ ಏನೋ, ನಾಚಿಕೆಯಿಂದ ಚಮಚ ತೆಗೆದು ಲೋಟಕ್ಕೆ ಎರಡು ಸಲ ತಾಗಿಸಿದಳು. ಚೆಂಚೊ ಕೈ ಎತ್ತಿ ಹುಯ್ದ. ಒಂದು ಹನಿ ಹೊರಗೆ ಬೀಳಲಿಲ್ಲ. ಹಿಂದೆ ಸಾಲಿನಲ್ಲಿದ್ದ ಹುಡುಗಿಯರು ಫೋನು ಎತ್ತಿ ಹಿಡಿದರು.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ," ಎಂದಳು ಮುದುಕಿ, ಲೋಟದ ಕಡೆ ತಲೆ ಬಗ್ಗಿಸಿ. "ಬಸ್ಸಲ್ಲಿ ಕೂತಾಗಿಂದ ಹೊಟ್ಟೆಗೆ ಏನೂ ಇಲ್ಲ. ಇದು ನಂಗೇ ತಾನೆ?"

ಚೆಂಚೊ ನಕ್ಕು ತಲೆಯಾಡಿಸಿದ.

ಅವಳು ಗಂಟನ್ನು ಕಾಲ ಹತ್ತಿರ ಇಳಿಸಿ, ಎರಡೂ ಕೈಯಲ್ಲಿ ಲೋಟ ಎತ್ತಿಕೊಂಡು, ಬಿಸಿ ಇದ್ದೀತೆಂದು ಊದಿದಳು. ಬಾಯಿಗೆ ತಂದಳು. ಚೆಂಚೊ ಅಂಗೈಯನ್ನು ಲೋಟದ ಬಾಯಿಗೆ ಅಡ್ಡ ಹಿಡಿದ.

ಅವಳು ಅವನ ಮುಖ ನೋಡಿದಳು. ಏನೋ ಕೇಳಿದಳು. ಮೆಲ್ಲಗೆ ಲೋಟವನ್ನು ತನ್ನ ಕಡೆ ಎಳೆದಳು. ಅವನು ಕೈ ತೆಗೆಯಲಿಲ್ಲ. ಸಾಲಿನಲ್ಲಿದ್ದ ಹುಡುಗಿ ಫೋನಿನ ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದಳು, ಸ್ವಲ್ಪ ಈ ಕಡೆ ತಿರುಗಿ, ನಗಿ. ಅಲುಗಿದ ಲೋಟದಿಂದ ಬಿಳಿ ನೀರು ಅವನ ಬೆರಳ ಸಂದಿಯಲ್ಲಿ ಉಕ್ಕಿ, ಮಣಿಕಟ್ಟಿನ ಮೇಲಿಂದ ಹೊಸ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.