ಕ್ಲಸ್ಟರ್ ಕೆಡಿಸಿದವರ ಸಮೋಸ

ಗುರುಶಾಂತನ ತಂಡದಲ್ಲಿ ಒಂದು ಪದ್ಧತಿ ಇತ್ತು. ಎಲ್ಲರೂ ಹಂಚಿಕೊಂಡು ಬಳಸುವ ಕ್ಲಸ್ಟರನ್ನು, ಅಂದರೆ ಇಡೀ ತಂಡದ ಕೆಲಸ ಓಡುವ ಕಂಪ್ಯೂಟರುಗಳ ಗುಂಪನ್ನು, ಯಾರು ಕೆಡಿಸುತ್ತಾರೋ ಅವರು ಮರುದಿನ ಎಲ್ಲರಿಗೂ ಈರುಳ್ಳಿ ಸಮೋಸ ತರಬೇಕು, ಮೇಜಿನ ಪಕ್ಕ ನಿಂತು ಹೇಗೆ ಕೆಡಿಸಿದೆ ಎಂದು ಹೇಳಬೇಕು. ನಕ್ಕು ತಿಂದರೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ತೆಲುಗು ನಾಡಿನ ಮಾದಾಪುರದ ಆ ಆಫೀಸಿನಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿರಲಿಲ್ಲ. ಶುರು ಮಾಡಿದವನು ಗುರುಶಾಂತನೇ, ಹಾಗಾಗಿ ಅವನಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಭಾಗ್ಯಶ್ರೀ ಯಾದಗಿರಿ ಕಡೆಯವಳು, ಹೊಸದಾಗಿ ಸೇರಿದವಳು, ಇನ್ನೂ ಕಾಯಂ ಆಗಿರಲಿಲ್ಲ. ತಿಂಗಳ ಕೊನೆಗೆ ತಂಡದ ಮುಖ್ಯಸ್ಥೆ ನಳಿನಿ ಮೇಡಂ ಅವಳ ಬಗ್ಗೆ ಏನು ಬರೆಯುತ್ತಾರೋ ಅದರ ಮೇಲೆ ಅವಳ ಕೆಲಸ ನಿಂತಿತ್ತು. ತೆಲುಗು, ಹಿಂದಿಯ ಗದ್ದಲದ ನಡುವೆ ಒಂದು ದಿನ ಅವಳು ಫೋನಿನಲ್ಲಿ ಅವ್ವನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಸಿಂಧನೂರಿನ ಗುರುಶಾಂತನ ಕಿವಿಗೆ ಬಿತ್ತು. ಅಂದಿನಿಂದ ಅವಳಿಗೆ ಅವನು ಅಣ್ಣ.

ಹೊಸಬರ ಮೊದಲ ಕೆಲಸ ತಮ್ಮ ಲ್ಯಾಪ್‌ಟಾಪಿನೊಳಗೆ ಒಂದು ವರ್ಚುವಲ್ ಯಂತ್ರ ಕಟ್ಟಿಕೊಳ್ಳುವುದು. ಇರುವ ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್, ಅದರಲ್ಲಿ ಒಂದು ಪುಟ್ಟ ಕ್ಲಸ್ಟರ್. ಮಕ್ಕಳ ಅಡುಗೆ ಆಟದ ಹಾಗೆ, ಅಲ್ಲಿ ಏನು ಸುಟ್ಟರೂ ಯಾರ ಹೊಟ್ಟೆಯೂ ಹಸಿಯುವುದಿಲ್ಲ. ಅದನ್ನು ಅವರವರೇ ತಿಣುಕಾಡಿ ಕಟ್ಟಬೇಕು, ಆಗಲೇ ಯಾವುದು ತನ್ನದು, ಯಾವುದು ಎಲ್ಲರದು ಎಂಬುದು ತಲೆಗೆ ಹೋಗುವುದು.

ಭಾಗ್ಯಶ್ರೀ ಎರಡು ದಿನ ತಿಣುಕಾಡಿದಳು. ಯಂತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಗುರುಶಾಂತನಿಗೆ ಕರುಳು ಚುರುಕ್ ಎಂದಿತು. ಕರುಳಿನ ಜೊತೆ ತಾನು ಎಷ್ಟು ಬಲ್ಲವನು ಎಂದು ತೋರಿಸುವ ಆಸೆಯೂ ಇತ್ತೆನ್ನಿ. ಅವಳ ಲ್ಯಾಪ್‌ಟಾಪ್ ಎಳೆದುಕೊಂಡು ಯಂತ್ರ ಕಟ್ಟಿದ. ಕೊನೆಗೆ ಒಂದು ಚಿಕ್ಕ ಫೈಲು ಬೇಕು, ನಾವು ಟೈಪ್ ಮಾಡಿದ ಆಜ್ಞೆ ಯಾವ ಕ್ಲಸ್ಟರಿಗೆ ಹೋಗಬೇಕು ಎಂದು ಹೇಳುವಂಥದ್ದು. ಹೊಸದಾಗಿ ಬರೆಯುವ ಬದಲು ತನ್ನದನ್ನೇ ನಕಲು ಮಾಡಿ ಹಾಕಿದ.

"ತಗೋ ತಂಗಿ. ಇದು ನಿಂದ ಸ್ವಂತ ಕ್ಲಸ್ಟರ್. ಕೆಡಸು, ಅಳಸು, ಏನ್ ಬೇಕಾದ್ ಮಾಡು. ಯಾರೂ ಕೇಳಂಗಿಲ್ಲ," ಎಂದ.

ಅವನ ಫೈಲು ತೋರಿಸುತ್ತಿದ್ದದ್ದು ಎಲ್ಲರ ಕ್ಲಸ್ಟರನ್ನು.

ಮಂಗಳವಾರ ಮಧ್ಯಾಹ್ನ ಭಾಗ್ಯಶ್ರೀಯ ಅಭ್ಯಾಸದ ಕೆಲಸ ಎಲ್ಲೋ ಸಿಕ್ಕಿಕೊಂಡಿತು. ಅಣ್ಣ ಹೇಳಿದ್ದಾನಲ್ಲ ಎಂದು ಎಲ್ಲವನ್ನೂ ಅಳಿಸಿದಳು. ಅವಳ ಪುಟ್ಟ ಯಂತ್ರದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಳಿನಿ ಮೇಡಂ ಗ್ರಾಹಕರಿಗೆ ತೋರಿಸುತ್ತಿದ್ದ ಪರದೆ ಖಾಲಿಯಾಯಿತು.

ಆಜ್ಞೆ ಯಾರ ಲ್ಯಾಪ್‌ಟಾಪಿನಿಂದ ಹೋಯಿತು ಎಂಬುದು ಬೇಗನೆ ಗೊತ್ತಾಯಿತು. ಅಳಿಸುವ ಮುಂಚೆ ಯಾವ ಕ್ಲಸ್ಟರಿನಲ್ಲಿದ್ದೀಯ ಎಂದು ನೋಡಲಿಲ್ಲವೇ ಎಂದು ಮೇಡಂ ಕೇಳಿದರು. ನೋಡಲಿಲ್ಲ ಎಂದಳು. ಫೈಲು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಗುರುಶಾಂತನಿಗೆ ಆ ಕ್ಷಣವೇ ಎಲ್ಲ ಹೊಳೆದಿತ್ತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಅವನ ಕೈ ಹೆಗಲ ಮೇಲೇ ಇತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಮರುದಿನ ಭಾಗ್ಯಶ್ರೀ ಸಮೋಸದ ಡಬ್ಬಿ ತಂದಳು. ಮೇಜಿನ ಪಕ್ಕ ನಿಂತು, ನೋಡದೆ ಅಳಿಸಿದೆ, ನನ್ನದೇ ತಪ್ಪು ಎಂದಳು. ಪದ್ಧತಿಯ ಪ್ರಕಾರ ನಗಬೇಕಿತ್ತು, ಯಾರೂ ನಗಲಿಲ್ಲ. ಡಬ್ಬಿಯನ್ನು ಮೊದಲು ಗುರುಶಾಂತನ ಮುಂದೆ ಹಿಡಿದಳು.

"ನೀವು ಅಷ್ಟ್ ಚಂದ ಮಾಡಿಕೊಟ್ಟಿದ್ರಿ ಅಣ್ಣಾ. ನಾನೇ ನಿಮ್ಮ ಹೆಸರು ಕೆಡಿಸಿದೆ."

ಅವನು ಒಂದು ತೆಗೆದುಕೊಂಡು ತಿಂದ. ಬೇಡ ಅಂದರೆ ಯಾಕೆ ಎಂದು ಕೇಳಿಯಾರು ಎಂಬ ಹೆದರಿಕೆಗೆ ಪೂರ್ತಿ ತಿಂದ.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಸಂಜೆ ಮೇಡಂ ಅವನನ್ನು ಕರೆದು, ಅವಳಿಗೆ ಕಲಿಸಿದವರು ನೀವು, ಕೆಲಸದಲ್ಲಿ ಇಟ್ಟುಕೊಳ್ಳಬಹುದೇ ಹೇಳಿ ಎಂದರು. ಹುಡುಗಿ ಜಾಣೆ, ಸ್ವಲ್ಪ ಅವಸರ ಜಾಸ್ತಿ ಎಂದ. ಹಾಗಾದರೆ ಕಷ್ಟ ಎಂದು ಮೇಡಂ ತಲೆಯಾಡಿಸಿದರು. ಅವಸರ ಯಾರದ್ದಾಗಿತ್ತು ಎಂಬುದು ಅವನಿಗೆ ಗೊತ್ತಿತ್ತು. ಮನೆಗೆ ಹೋಗುವ ಮೆಹದಿಪಟ್ಟಣಂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ನೋಡಿ ಅಳಿಸಬೇಕಿತ್ತು ಅವಳು ಎಂದು ಒಮ್ಮೆ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಯಾರೂ ಕೇಳಂಗಿಲ್ಲ ಎಂದು ತಾನೇ ಹೇಳಿದ್ದು ನೆನಪಾಗಿ ಆ ಸಮಾಧಾನವೂ ಹೋಯಿತು.

ಮರುದಿನ ಮೇಜಿನ ಮೇಲೆ ಮತ್ತೆ ಸಮೋಸದ ಡಬ್ಬಿ ಇತ್ತು. ಇವತ್ತು ಏನು ಕೆಟ್ಟಿತು ಎಂದು ಎಲ್ಲರೂ ತಂತಮ್ಮ ಪರದೆ ನೋಡಿಕೊಂಡರು. ಏನೂ ಕೆಟ್ಟಿರಲಿಲ್ಲ. ಗುರುಶಾಂತ ಪಕ್ಕದಲ್ಲಿ ನಿಂತಿದ್ದ. ಫೈಲು ತನ್ನದು, ನಕಲು ಮಾಡಿದವನು ತಾನು, ಅಳಿಸು ಎಂದವನೂ ತಾನು, ಮೊನ್ನೆ ಗೊತ್ತಿದ್ದೂ ಸುಮ್ಮನಿದ್ದವನೂ ತಾನು ಎಂದು ಹೇಳಿದ. ಹಿಂದಿನ ಸಂಜೆ ಮೇಡಂಗೆ ಹೇಳಿದ ಮಾತನ್ನೂ ಬಿಡಲಿಲ್ಲ.

ನಳಿನಿ ಮೇಡಂ ಎದ್ದು ನಿಂತರು.

"ಭಾಗ್ಯಶ್ರೀ ಇರ್ತಾಳೆ, ಹಾಗೇ ಬರೀತೀನಿ. ನಿಮ್ಮ ವಿಷಯ ಒಳಗೆ ಬನ್ನಿ, ಮಾತಾಡೋಣ," ಎಂದು ತಮ್ಮ ಕೋಣೆಗೆ ಹೋದರು.

ಅವರ ಹಿಂದೆ ಹೋಗುವ ಮುಂಚೆ ಗುರುಶಾಂತ ಡಬ್ಬಿ ಎತ್ತಿಕೊಂಡು ಭಾಗ್ಯಶ್ರೀಯ ಮುಂದೆ ಹಿಡಿದ. ಒಂದು ತೆಗೆದುಕೊಂಡರೆ ಸಾಕು, ಪದ್ಧತಿಯ ಪ್ರಕಾರ ಮುಗಿಯಿತು ಎಂಬ ಆಸೆ ಇನ್ನೂ ಇತ್ತು. ಅವಳು ಡಬ್ಬಿಯನ್ನು ನೋಡಿದಳು, ಆಮೇಲೆ ಅವನನ್ನು. ಸಿಟ್ಟಿರಲಿಲ್ಲ, ಏನೋ ಅರ್ಥವಾಗದವಳ ಹಾಗೆ ಕೇಳಿದಳು:

"ನಿನ್ನೆ ನಂದು ತಿಂದ್ರಲ್ಲರಿ ಅಣ್ಣಾ?"

ಅವನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.